ಉದ್ಯೋಗದ ಪುಟ ಹರಿದವರು ಯಾರು?

ಬ್ಯಾಂಕಿನಿಂದ ನಿವೃತ್ತನಾಗಿ ಸೇಡಂ ತಾಲೂಕಿನ ನಮ್ಮೂರಿಗೆ ವಾಪಸ್ ಬಂದೆ. ನಾನು ಇಡೀ ದಿನ ಮನೆಯಲ್ಲಿ ಕೂತರೆ ಹೇಗೆ ಅನ್ನೋ ಚಿಂತೆ ನನಗಿಂತ ಹೆಂಡತಿಗೇ ಜಾಸ್ತಿ ಇತ್ತು. "ಪಂಚಾಯ್ತಿ ಲೈಬ್ರರಿಗರ ಹೋಗ್ರಿ" ಎಂದಳು. ಹೋದೆ. ಮೂರು ವರ್ಷ ಆಯಿತು.

ಹೋಗುವಾಗ ತಲೆ ತುಂಬ ಯೋಜನೆಗಳಿದ್ದವು. ಭಾನುವಾರ ಮಕ್ಕಳಿಗೆ ಕಥೆ, ತಿಂಗಳಿಗೊಮ್ಮೆ ಪುಸ್ತಕದ ಚರ್ಚೆ. ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡೂ ಹೋಗಿದ್ದೆ. ಮೇಲ್ವಿಚಾರಕಿ ಎಲ್ಲ ಕೇಳಿಸಿಕೊಂಡು, "ಅವೆಲ್ಲ ಮಾಡೋಣ್ರಿ ಕಾಕಾ. ಮೊದ್ಲು ಈ ಪೇಪರಿಗೆ ಏನರ ಮಾಡ್ರಿ" ಎಂದು ಅಂದಿನ ಪತ್ರಿಕೆ ಕೈಗೆ ಕೊಟ್ಟರು. ನೌಕರಿ ಜಾಹೀರಾತಿನ ಪುಟವೇ ಇರಲಿಲ್ಲ. ಹಿಂದಿನ ದಿನದ್ದರಲ್ಲೂ ಇರಲಿಲ್ಲ.

ನಮ್ಮ ಲೈಬ್ರರಿಗೆ ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಎಫ್‌ಡಿಎ, ಪಿಎಸ್‌ಐ, ಪಿಡಿಒ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಮನೆಯಲ್ಲಿ ಒಂದೇ ಕೋಣೆ, ಅಲ್ಲೇ ಟಿವಿ, ಅಲ್ಲೇ ಒಲೆ. ಇಲ್ಲಿ ಫ್ಯಾನ್ ಇದೆ, ಕೆಳಗೆ ತಣ್ಣನೆಯ ಶಹಾಬಾದ್ ಫರ್ಸಿ ಕಲ್ಲಿನ ನೆಲ ಇದೆ. ಮೇ ತಿಂಗಳಲ್ಲಿ ಕುರ್ಚಿ ಬಿಟ್ಟು ಫರ್ಸಿ ಮೇಲೇ ಕೂತು ಓದುತ್ತಾರೆ. ಅವರಲ್ಲೇ ಯಾರೋ ಪುಟ ಹರಿಯುತ್ತಿದ್ದರು. ಯಾರೆಂದು ಹುಡುಕಲು ಹೋಗಬಾರದು ಅಂತ ಮೊದಲ ವಾರದಲ್ಲೇ ತೀರ್ಮಾನಿಸಿದೆ. ಬ್ಯಾಂಕಿನಲ್ಲಿ ಪೆನ್ನಿಗೆ ದಾರ ಕಟ್ಟಿ ಇಡುತ್ತಿದ್ದೆವು. ಕದಿಯೋರನ್ನು ಹಿಡಿದದ್ದು ಮಾತ್ರ ನೆನಪಿಲ್ಲ.

ನಾನೇ ಕತ್ತರಿ ಹಿಡಿದೆ. ಬೆಳಿಗ್ಗೆ ಹೋದ ಕೂಡಲೇ ಜಾಹೀರಾತು ಕತ್ತರಿಸಿ ರಟ್ಟಿಗೆ ಅಂಟಿಸಿ ಗೋಡೆಗೆ ತೂಗುಹಾಕಿದೆ. ಎರಡನೇ ದಿನ ಒಬ್ಬ ಯಜಮಾನರು ಪತ್ರಿಕೆಯನ್ನು ಮುಖದ ಮುಂದೆ ಹಿಡಿದು, ಆ ತೂತಿನೊಳಗಿಂದ ನನ್ನನ್ನೇ ನೋಡುತ್ತಾ ಕೇಳಿದರು: "ಏನ್ರೀ, ಇದಕ್ಕ ಕಿಟಕಿ ಯಾಕ ಇಟ್ಟೀರಿ?" ಹಿಂದಿನ ಪುಟದಲ್ಲಿ ತೊಗರಿ ಧಾರಣೆ ಇತ್ತಂತೆ. ಕತ್ತರಿ ಕೆಲಸ ಅಲ್ಲಿಗೆ ಮುಗಿಯಿತು.

ಶಾಲೆಯಿಂದ ಹಳೆಯ ಕರಿಹಲಗೆ ಕೇಳಿ ತಂದೆವು. ದಿನಾ ಬೆಳಿಗ್ಗೆ ನಾಲ್ಕು ಅಂಕಣದಲ್ಲಿ ಬರೆಯುತ್ತೇನೆ: ಯಾವ ಹುದ್ದೆ, ಏನು ಓದಿರಬೇಕು, ಶುಲ್ಕ ಎಷ್ಟು, ಕೊನೆಯ ದಿನ ಯಾವಾಗ. ಕೊನೆಯ ದಿನ ಮಾತ್ರ ಕೆಂಪು ಸೀಮೆಸುಣ್ಣದಲ್ಲಿ. ಪುಟ ಹರಿಯೋದು ಪೂರ್ತಿ ನಿಂತಿದೆ ಅಂತ ಹೇಳಲಾರೆ, ಆದರೆ ಈಗ ಅಪರೂಪ. ಇಡೀ ಲೈಬ್ರರಿಯಲ್ಲಿ ಅತಿ ಹೆಚ್ಚು ಜನ ಓದುವುದು ನನ್ನ ಅಕ್ಷರವನ್ನೇ ಅನ್ನೋ ಸಣ್ಣ ಜಂಬವೂ ಇದೆ.

ಹಲಗೆ ಬಂದ ಮೇಲೆ ಅರ್ಜಿ ತುಂಬಿಸುವ ಕೆಲಸ ತಾನಾಗಿ ಬಂತು. ಕಂಪ್ಯೂಟರ್ ಇತ್ತು, ಮುಟ್ಟೋರು ಕಡಿಮೆ ಇದ್ದರು. ಹುಡುಗರು ಸಿಕ್ಕಿಬೀಳುವುದು ದೊಡ್ಡ ವಿಷಯಕ್ಕಲ್ಲ. ಫೋಟೊ ಮತ್ತು ಸಹಿ ಇಷ್ಟೇ ಕೆಬಿ ಒಳಗಿರಬೇಕು ಅನ್ನುತ್ತದೆ ಅರ್ಜಿ. ಅದನ್ನು ಕಿರಿದು ಮಾಡಲು ಬಾರದೆ ನೆಟ್ ಸೆಂಟರಿಗೆ ದುಡ್ಡು ಕೊಟ್ಟು ಬರುತ್ತಿದ್ದರು. ಅದನ್ನು ಕಲಿಸಲು ಹತ್ತು ನಿಮಿಷ ಸಾಕು. ಇನ್ನೊಂದು 371 ಜೆ ಪ್ರಮಾಣಪತ್ರ. ಕಲ್ಯಾಣ ಕರ್ನಾಟಕದ ಮೀಸಲಾತಿ ಬೇಕಾದರೆ ಅದು ಕೈಯಲ್ಲಿರಬೇಕು, ಕೊನೆಯ ವಾರ ಓಡಾಡಿದರೆ ಸಿಗೋದಿಲ್ಲ. ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದೇನೆ: ಯಾರ ಒಟಿಪಿಯನ್ನೂ ನಾನು ಕೇಳೋದಿಲ್ಲ, ಪಾಸ್‌ವರ್ಡ್ ಅವರೇ ಒತ್ತಬೇಕು. ಆಗ ಎದ್ದು ಕಿಟಕಿ ಕಡೆ ಹೋಗಿ ನಿಲ್ಲುತ್ತೇನೆ. ಬ್ಯಾಂಕಿನ ಚಟ.

ಪುಸ್ತಕ ಜೋಡಿಸುವಾಗ ನನ್ನ ಜಾಣತನ ಕೆಲಸಕ್ಕೆ ಬರಲಿಲ್ಲ. ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಾಂಶ ಪದ್ಧತಿ ಕಲಿತೆ. ಅದರಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ನಲವತ್ತು ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸಿದೆ. ಒಬ್ಬ ಹುಡುಗ ಬಂದು, "ಅಜ್ಜಾ, ಇದು ರೇಟೇನ್ರಿ?" ಎಂದ. ಚೀಟಿ ಕಿತ್ತು ಬಣ್ಣದ ಟೇಪ್ ಸುತ್ತಿದೆ. ಹಳದಿ ಮಕ್ಕಳ ಕಥೆ, ನೀಲಿ ಕಾದಂಬರಿ, ಕೆಂಪು ಪರೀಕ್ಷೆಯದ್ದು, ಹಸಿರು ಒಕ್ಕಲುತನ. ಎಲ್ಲಿಂದ ತೆಗೆದದ್ದನ್ನು ಅಲ್ಲೇ ಇಡಲು ಮೂರನೇ ಕ್ಲಾಸಿನ ಮಗುವಿಗೂ ಬರುತ್ತದೆ. (ಅಜ್ಜ ಅಂದದ್ದಕ್ಕೆ ಬೇಜಾರಾಗಿದ್ದು ನಿಜ.)

ಮಕ್ಕಳ ಕಥೆಯ ಭಾನುವಾರ ಕೊನೆಗೂ ಬಂತು. 'ಓದುವ ಬೆಳಕು' ಕಾರ್ಯಕ್ರಮ 2020ರ ನವೆಂಬರಿನಲ್ಲಿ ಶುರುವಾದಾಗಿನಿಂದ ಪಂಚಾಯ್ತಿ ಲೈಬ್ರರಿಗಳಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಪುಕ್ಕಟೆ. ಹಾಗಾಗಿ ಮಕ್ಕಳ ಹೆಸರು ರಿಜಿಸ್ಟರಿನಲ್ಲಿ ಬೇಕಾದಷ್ಟಿದ್ದವು. ಇಪ್ಪತ್ತು ಮಕ್ಕಳು ಬಂದರು, ಅರ್ಧ ತಾಂಡಾದವರು. ನಾನು ದನಿ ಏರಿಸಿ ಇಳಿಸಿ ಓದುತ್ತಿದ್ದೆ. ಹಿಂದೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಪಿಸುಪಿಸು ಮಾತಾಡುತ್ತಲೇ ಇದ್ದಳು. "ಏ, ಸುಮ್ಕಿರ್ತೀಯೋ ಇಲ್ಲೋ?" ಎಂದು ಗದರಿದೆ. ಅವಳು ಸುಮ್ಮನಾದಳು. ಸ್ವಲ್ಪ ಹೊತ್ತಿಗೆ ಅವಳ ಪಕ್ಕದ ನಾಲ್ಕು ಸಣ್ಣ ಮಕ್ಕಳು ಎದ್ದು ಹೊರಗೆ ಹೋದರು. ಮೇಲ್ವಿಚಾರಕಿ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಆಕಿ ಲಂಬಾಣಿದಾಗ ಹೇಳಾಕತ್ತಿದ್ಳ್ರಿ ಕಾಕಾ. ಅವಕ್ಕ ನಿಮ್ಮ ಕನ್ನಡ ತಿಳಿವಲ್ದು."

ಮುಂದಿನ ವಾರ ಪುಸ್ತಕ ಅವಳ ಕೈಗೇ ಕೊಟ್ಟೆ. ಒಂದು ಪುಟ ಕನ್ನಡದಲ್ಲಿ ಓದುತ್ತಾಳೆ, ಅದನ್ನೇ ಲಂಬಾಣಿಯಲ್ಲಿ ಹೇಳುತ್ತಾಳೆ, ಆಮೇಲೆ ಚಿತ್ರ ತೋರಿಸುತ್ತಾಳೆ. ನರಿಗೆ ಅವಳದೇ ಒಂದು ದನಿ ಇದೆ. ನನ್ನ ಕೆಲಸ ಈಗ ಚಾಪೆ ಹಾಸೋದು, ಆಮೇಲೆ ಸುತ್ತಿಡೋದು.

ಆ ತೊಗರಿ ಧಾರಣೆಯ ಯಜಮಾನರ ಮಾತು ಅರ್ಧಕ್ಕೇ ಬಿಟ್ಟೆ ಅಲ್ವಾ? ಕಿಟಕಿಯ ಜಗಳ ಆದ ಮೇಲೆ ಅವರು ಬರೋದೇ ಬಿಟ್ಟಿದ್ದರು. ಕಟ್ಟೆ ಮೇಲೆ ಸಿಕ್ಕಾಗ, "ಅದು ಸಾಲಿ ಹುಡುಗ್ರದು, ಅಲ್ಲಿ ನಮ್ದೇನದ" ಎಂದರು. ಮನೆ ತೆರಿಗೆಯ ರಸೀದಿ ತರಿಸಿ ತೋರಿಸಿದೆ. ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಎಂದು ಬೇರೆ ಬೇರೆ ಸಾಲು ಇರುತ್ತವೆ. ಗ್ರಂಥಾಲಯಕ್ಕೆ ಮನೆ ತೆರಿಗೆಯ ಮೇಲೆ ಶೇ 6. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ರಸೀದಿಯನ್ನು ಎರಡು ಸಲ ಓದಿಸಿದರು. ಕನ್ನಡಕ ಹಾಕಿಕೊಂಡು ತಾವೂ ಒಮ್ಮೆ ಓದಿದರು. "ಇಷ್ಟು ವರ್ಷದಿಂದ ರೊಕ್ಕ ಕೊಡಾಕತ್ತೀನಿ, ಒಂದಿನಾನೂ ಹೇಳಿಲ್ಲಲ್ಲ ನೀವು!"

ಮರುದಿನ ಬಾಗಿಲು ತೆಗೆಯುವ ಮೊದಲೇ ಹೊರಗೆ ನಿಂತಿದ್ದರು. ಪತ್ರಿಕೆ ಬರಲು ಹತ್ತು ನಿಮಿಷ ತಡವಾಯಿತು ಎಂದು ಮೇಲ್ವಿಚಾರಕಿಗೂ ನನಗೂ ಸೇರಿಸಿ ಬೈದರು.