ಯೀಸ್ಟಿನ ಟಿಮ್9–ಟಿಮ್10 ಕೂಟವನ್ನು ಬ್ಯಾಕ್ಟೀರಿಯದಲ್ಲಿ ತಯಾರಿಸಿದ ನನ್ನ ಅನುಭವ

ಟಿಮ್9 ಮತ್ತು ಟಿಮ್10 ಯೀಸ್ಟಿನ ಮೈಟೊಕಾಂಡ್ರಿಯದ ಎರಡು ಪೊರೆಗಳ ನಡುವೆ ಇರುವ ಪುಟ್ಟ ಪ್ರೋಟೀನುಗಳು. ಹೊರಪೊರೆಯ ಟಾಮ್ ದ್ವಾರವನ್ನು ದಾಟಿ ಬಂದ ಎಡಿಪಿ/ಎಟಿಪಿ ವಾಹಕದಂತಹ, ನೀರಿಗೆ ಒಗ್ಗದ ಪ್ರೋಟೀನುಗಳು ಗಂಟುಕಟ್ಟದಂತೆ ಕಾಯ್ದು, ಅವನ್ನು ಒಳಪೊರೆಯ ಟಿಮ್22 ಸಂಕೀರ್ಣಕ್ಕೆ ಮುಟ್ಟಿಸುವುದು ಇವುಗಳ ಕೆಲಸ. ತಲಾ ಸುಮಾರು 10 ಕಿಲೋಡಾಲ್ಟನ್ ತೂಗುವ ಇವು ಮೂರು ಮೂರರಂತೆ ಸೇರಿ ಆರರ ಕೂಟವಾಗುತ್ತವೆ. ಮೈಟೊಕಾಂಡ್ರಿಯವನ್ನು ಸೇರಿದ ಮೇಲೆ ಕತ್ತರಿಸಿಹೋಗುವ ಮುಂತುದಿ ಇವುಗಳಿಗೆ ಇಲ್ಲದಿರುವುದರಿಂದ ಪೂರ್ಣ ಜೀನನ್ನೇ ಪ್ಲಾಸ್ಮಿಡ್ಡಿಗೆ (ಜೀನನ್ನು ಬ್ಯಾಕ್ಟೀರಿಯದೊಳಗೆ ಒಯ್ಯುವ ಡಿಎನ್ಎ ಉಂಗುರ) ಸೇರಿಸಿಕೊಂಡೆ.

ಎಚ್ಚರ ಬೇಕಾಗುವುದು ಗಂಧಕವುಳ್ಳ ಅಮೈನೊ ಆಮ್ಲಗಳಾದ ಸಿಸ್ಟೀನುಗಳ ವಿಷಯದಲ್ಲಿ. ಪ್ರತಿ ಪ್ರೋಟೀನಿನಲ್ಲಿ ನಾಲ್ಕು ಸಿಸ್ಟೀನುಗಳಿದ್ದು, ಮೊದಲನೆಯದು ನಾಲ್ಕನೆಯದರೊಡನೆಯೂ ಎರಡನೆಯದು ಮೂರನೆಯದರೊಡನೆಯೂ ಡೈಸಲ್ಫೈಡ್ ಬಂಧದಿಂದ, ಅಂದರೆ ಗಂಧಕ–ಗಂಧಕದ ಕೊಂಡಿಯಿಂದ, ಕೂಡಬೇಕು. ಈ ಬಂಧಗಳಿಲ್ಲದೆ ಕೂಟ ಕಟ್ಟುವುದಿಲ್ಲ. ಯೀಸ್ಟಿನಲ್ಲಿ ಮಿಯಾ40 ಎಂಬ ಪ್ರೋಟೀನು ಇದನ್ನು ನೆರವೇರಿಸುತ್ತದೆ, ಆದರೆ ಸಾಮಾನ್ಯ ಇ. ಕೋಲೈ ಜೀವಕೋಶದ ಒಳಗಿನ ಅಪಕರ್ಷಕ (ಇಂಥ ಬಂಧಗಳನ್ನು ಬಿಡಿಸುವ) ವಾತಾವರಣ ಅದಕ್ಕೆ ಆಸ್ಪದ ಕೊಡುವುದಿಲ್ಲ. ಆದಕಾರಣ ಆ ವಾತಾವರಣವನ್ನು ಕಾಯುವ ಟಿಆರ್‌ಎಕ್ಸ್‌ಬಿ ಮತ್ತು ಗೋರ್ ಜೀನುಗಳನ್ನು ತೆಗೆದು, ತಪ್ಪು ಜೋಡಿಯ ಬಂಧಗಳನ್ನು ತಿದ್ದುವ ಡಿಎಸ್‌ಬಿಸಿ ಪ್ರೋಟೀನನ್ನು ಕೋಶದ್ರವದಲ್ಲೇ ಇರಿಸಿರುವ ಶಫಲ್ ತಳಿಯನ್ನು ಆರಿಸಿಕೊಂಡು, 30 ಡಿಗ್ರಿಯಲ್ಲಿ ಬೆಳೆಸಿ, ಜೀನನ್ನು ಕೆಲಸಕ್ಕೆ ಹಚ್ಚುವ ಐಪಿಟಿಜಿ ಹಾಕಿದ ಮೇಲೆ ರಾತ್ರಿಯಿಡೀ 18 ಡಿಗ್ರಿಯಲ್ಲಿ ಇಟ್ಟೆ.

ಪ್ರೋಟೀನಿಗೆ ಜೋಡಿಸಿದ ಹಿಸ್ಟಿಡಿನ್ ಬಾಲವನ್ನು ಹಿಡಿದು ಅದನ್ನು ಬೇರ್ಪಡಿಸುವ ನಿಕಲ್ ಕಾಲಮ್ಮಿನ ಹಂತ ಎಲ್ಲರಿಗೂ ಗೊತ್ತಿರುವುದೇ. ಬಫರಿನಲ್ಲಿ ಬಂಧಗಳನ್ನು ಬಿಡಿಸುವ ಡಿಟಿಟಿ ಇರಕೂಡದು, ನಿಕಲನ್ನು ಕಿತ್ತುಕೊಳ್ಳುವ ಇಡಿಟಿಎ ಕೂಡ. ಹಿಸ್ಟಿಡಿನ್ ಬಾಲವನ್ನು ಕತ್ತರಿಸಲು ಟಿಇವಿ ಎಂಬ ಕಿಣ್ವದ ಬದಲು ಥ್ರಾಂಬಿನ್ ಕಿಣ್ವವನ್ನು ಬಳಸಿದೆ, ಏಕೆಂದರೆ ಟಿಇವಿಯ ರೂಢಿಯ ವಿಧಾನ ಡಿಟಿಟಿಯನ್ನು ಬೇಡುತ್ತದೆ.

ಜೆಲ್ ಮೇಲೆ ಒಂದೇ ಪಟ್ಟಿ ಕಂಡಿತೆಂದು ಪ್ರೋಟೀನು ಸಿದ್ಧವಾಯಿತೆಂದು ಬಗೆಯುವ ಅಭ್ಯಾಸ ನನಗೆ ಒಪ್ಪಿಗೆಯಾಗದು. ಬಂಧಗಳಿಲ್ಲದ ಅಪಕರ್ಷಿತ ರೂಪವೂ ಅಷ್ಟೇ ಚೊಕ್ಕವಾಗಿ ಕಾಣುತ್ತದೆ. ಹಾಗಾಗಿ ಪ್ರೋಟೀನನ್ನು ಟಿಸಿಎ ಆಮ್ಲದಿಂದ ಗರಣೆಗಟ್ಟಿಸಿ, ಎಎಂಎಸ್ ಬೆರೆಸಿದ ಎಸ್‌ಡಿಎಸ್ ಬಫರಿನಲ್ಲಿ ಕರಗಿಸಿ, ಪುಟ್ಟ ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಟ್ರೈಸಿನ್ ಜೆಲ್ಲಿನಲ್ಲಿ ಓಡಿಸಿದೆ. ಎಎಂಎಸ್ ಮುಕ್ತವಾದ ಪ್ರತಿ ಸಿಸ್ಟೀನಿಗೆ ಅಂಟಿ ಸುಮಾರು ಅರ್ಧ ಕಿಲೋಡಾಲ್ಟನ್ ತೂಕ ಸೇರಿಸುವುದರಿಂದ, ಬಂಧ ಬಿಡಿಸುವ ಟಿಸಿಇಪಿಯಿಂದ ಮೊದಲೇ ಅಪಕರ್ಷಿಸಿದ ಹೋಲಿಕೆಯ ಮಾದರಿ ಸುಮಾರು 2 ಕಿಲೋಡಾಲ್ಟನ್ನಿನಷ್ಟು ಮೇಲೆ ನಿಲ್ಲುತ್ತದೆ, ಬಂಧಗಳು ಸರಿಯಾಗಿ ಕೂಡಿದ್ದು ಕದಲುವುದಿಲ್ಲ. ನಡುವೆ ಮಸುಕಾದ ಪಟ್ಟಿ ಬಂದರೆ ಒಂದೇ ಬಂಧ ಕೂಡಿದೆ ಎಂದರ್ಥ. ಬಂಧಗಳು ಕೂಡಿದರೂ ಜೋಡಿ ತಪ್ಪಿರಬಹುದು. ಅದನ್ನು ಈ ಪರೀಕ್ಷೆ ಹಿಡಿಯಲಾರದು, ಕೂಟ ಕಟ್ಟುವ ಸಾಮರ್ಥ್ಯವೇ ಹೇಳಬೇಕು.

ಟಿಮ್9, ಟಿಮ್10 ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿ, ಗಾತ್ರದ ಪ್ರಕಾರ ಬೇರ್ಪಡಿಸಿ ದೊಡ್ಡವನ್ನು ಮೊದಲು ಹೊರಬಿಡುವ ಸೂಪರ್‌ಡೆಕ್ಸ್ 200 ಕಾಲಮ್ಮಿಗೆ ಹಾಕಿದಾಗ ಬಿಡಿ ಪ್ರೋಟೀನುಗಳ ಶಿಖರಗಳು ಕುಗ್ಗಿ, ಅವಕ್ಕಿಂತ ಮುಂಚೆ ಹೊಸ ಶಿಖರವೊಂದು ಎದ್ದಿತು. ಸೂಪರ್‌ಡೆಕ್ಸ್ 75ರಲ್ಲಿ ಕೂಟವು ಆ ಕಾಲಮ್ಮಿನ ಮೇಲ್ಮಿತಿಯ ಹತ್ತಿರವೇ ಬರುವುದರಿಂದ ಗಂಟುಕಟ್ಟಿದ ಭಾಗವನ್ನು ಬೇರೆಯಾಗಿ ಗುರುತಿಸುವುದು ಕಷ್ಟ. ಶಿಖರದ ಭಾಗವನ್ನು ಸಣ್ಣ ಪಾಲುಗಳಾಗಿ ಹಂಚಿ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಮೈನಸ್ 80 ಡಿಗ್ರಿಯಲ್ಲಿ ಇಟ್ಟಿದ್ದೇನೆ. ಹೊಸ ತಯಾರಿಯನ್ನು ಪ್ರಯೋಗಕ್ಕೆ ಇಳಿಸುವ ಮುನ್ನ ಅದರ ಒಂದು ಪಾಲನ್ನು ಕರಗಿಸಿ ಅದೇ ಕಾಲಮ್ಮಿನಲ್ಲಿ ಮತ್ತೊಮ್ಮೆ ನೋಡುತ್ತೇನೆ, ಒಮ್ಮೆ ಕರಗಿಸಿದ್ದನ್ನು ಮರಳಿ ಫ್ರೀಜರಿಗೆ ಇಡುವುದಿಲ್ಲ.