ಮುಂಬೈಗೆ ಆಕ್ಟಿಂಗ್ ಮಾಡೋಕೆ ಬಂದವರಿಗೆ ಮ್ಯಾನೇಜರ್ ಯಾವಾಗ ಬೇಕು?

ನೀನಾಸಂ, ರಂಗಾಯಣ ಮುಗಿಸ್ಕೊಂಡೋ ಇಲ್ಲಾ ಬೆಂಗಳೂರಲ್ಲಿ ಎರಡು ಸೀರಿಯಲ್ ಮಾಡಿಯೋ ಮುಂಬೈಗೆ ಬರೋ ನಮ್ಮ ಹುಡುಗ್ರು ಹುಡುಗೀರು ಅಂಧೇರಿಲಿ ಪಿಜಿ ಹಿಡಿದ ವಾರಕ್ಕೇ ಕೇಳ್ತಾರೆ, ಒಳ್ಳೆ ಏಜೆಂಟ್ ಯಾರಿದ್ದಾರೆ ಅಂತ. ಈಗ್ಲೇ ಬೇಡ ಅಂತಾನೇ ನಾನು ಹೇಳೋದು.

ಮೊದ್ಲು ಯಾರು ಏನು ಅಂತ ತಿಳ್ಕೊಳ್ಳಿ. ಕ್ಯಾಸ್ಟಿಂಗ್ ಡೈರೆಕ್ಟರ್ ಅಂದ್ರೆ ಯಾವ ಪಾತ್ರಕ್ಕೆ ಯಾರು ಅಂತ ಹುಡುಕೋರು, ಪ್ರೊಡಕ್ಷನ್ ಕಡೆಯವರು, ಅವ್ರ ಫೀಸ್ ಪ್ರೊಡ್ಯೂಸರ್ ಕೊಡ್ತಾರೆ. ಕೋಆರ್ಡಿನೇಟರ್ ಒಂದು ಕೆಲ್ಸ ಕೊಡಿಸಿ ಅದಕ್ಕಷ್ಟೇ ಕಮಿಷನ್ ತಗೋತಾರೆ. ಮ್ಯಾನೇಜರ್ ಅಥವಾ ಏಜೆನ್ಸಿ ಅಂದ್ರೆ ನಿಮ್ಮ ಪರವಾಗಿ ರೇಟ್ ಮಾತಾಡಿ, ಡೇಟ್ಸ್ ನೋಡ್ಕೊಂಡು, ಅಗ್ರಿಮೆಂಟ್ ಓದಿ, ಸಾಮಾನ್ಯವಾಗಿ 10 ರಿಂದ 20 ಪರ್ಸೆಂಟ್ ತಗೊಳ್ಳೋರು. ಈ ಮೂವರಲ್ಲಿ ಯಾರೇ ಆಗ್ಲಿ ರಿಜಿಸ್ಟ್ರೇಷನ್, ಪೋರ್ಟ್‌ಫೋಲಿಯೋ, ಕಾರ್ಡ್ ಅಂತ ಮುಂಗಡ ದುಡ್ಡು ಕೇಳಿದ್ರೆ ಎದ್ದು ಬನ್ನಿ, ಅಲ್ಲಿ ಕೆಲ್ಸ ಇರಲ್ಲ.

ಆಡಿಷನ್‌ಗೆ ಮ್ಯಾನೇಜರ್ ಬೇಕೇ ಬೇಕು ಅಂತೇನಿಲ್ಲ. ವರ್ಸೋವಾದ ಆರಾಮ್ ನಗರದಲ್ಲಿ ಹಳೇ ಮನೆಗಳೇ ಕ್ಯಾಸ್ಟಿಂಗ್ ಆಫೀಸ್, ಬಾಗಿಲಲ್ಲಿ ನಿಂತಿರೋ ಹುಡುಗ ನಿಮ್ಮ ಮುಖ ನೋಡಿ ಫಿಟ್ ಅಥವಾ ನಾಟ್ ಫಿಟ್ ಅಂತಾನೆ, ಅಷ್ಟೇ, ಬೇಜಾರು ಮಾಡ್ಕೋಬೇಡಿ. ಒಳಗೆ ಹೋದ್ರೆ ಹೆಸ್ರು, ವಯಸ್ಸು, ಹೈಟ್ ಹೇಳಿ, ಎಡಗಡೆ ಬಲಗಡೆ ಪ್ರೊಫೈಲ್ ತೋರ್ಸಿ, ಸೀನ್ ಮಾಡಿ ಬರೋದು. ಈಗ ಎಷ್ಟೋ ಆಡಿಷನ್ನು ಸೆಲ್ಫ್ ಟೆಸ್ಟ್, ಮನೇಲೇ ಫೋನಲ್ಲಿ ರೆಕಾರ್ಡ್ ಮಾಡಿ ಕಳ್ಸೋದು. ಮೊದಲ ವರ್ಷ ಇದನ್ನೇ ಮಾಡಿ, ಹಿಂದಿ ತಿದ್ಕೊಳ್ಳಿ, ನಮ್ಮೋರು ಎಡವೋದು ಪದಗಳ ಲಿಂಗದಲ್ಲೇ, "ಮೇರಿ ಗಾಡಿ" ಅನ್ನೋ ಕಡೆ "ಮೇರಾ ಗಾಡಿ" ಅಂದ್ಬಿಡ್ತೀವಿ, ಎಷ್ಟೇ ಚೆನ್ನಾಗಿ ಮಾಡಿದ್ರೂ ಆ ಟೇಕ್ ಕೆಟ್ಟ ಹಾಗೆ. ನಟನೆ ಅಭ್ಯಾಸ ಬಿಡಬಾರ್ದು ಅಂದ್ರೆ ಮಾಟುಂಗಾದ ಮೈಸೂರು ಅಸೋಸಿಯೇಷನ್ ಕಡೆ ಹೋಗಿ, ಮುಂಬೈ ಕನ್ನಡ ನಾಟಕದವರ ಪರಿಚಯ ಆಗುತ್ತೆ.

ಹಾಗಾದ್ರೆ ಯಾವಾಗ? ಶಾರ್ಟ್‌ಲಿಸ್ಟ್ ಪದೇ ಪದೇ ಆಗ್ತಾ ಇದೆ, ಒಂದೆರಡು ಡೈಲಾಗ್ ಇರೋ ರೋಲ್ ತೆರೆ ಮೇಲೆ ಬಂದಿದೆ, ಎರಡು ಪ್ರಾಜೆಕ್ಟ್ ಒಂದೇ ಡೇಟ್ಸ್ ಕೇಳ್ತಿವೆ, ಅಥವಾ ಕೈಗೆ ಬಂದ ಅಗ್ರಿಮೆಂಟ್‌ನಲ್ಲಿ ಆ್ಯಡ್ ಎಷ್ಟು ವರ್ಷ, ಯಾವ ಯಾವ ಮೀಡಿಯಾದಲ್ಲಿ ಓಡ್ಸ್ತಾರೆ ಅಂತ ಬರ್ದಿದೆ, ಆದ್ರೆ ನಿಮಗೆ ಅದಕ್ಕೆ ರೇಟ್ ಎಷ್ಟು ಹೇಳ್ಬೇಕು ಗೊತ್ತಾಗ್ತಿಲ್ಲ, ಆಗ ಹುಡುಕಿ. ಅಷ್ಟು ಹೊತ್ತಿಗೆ ತೋರ್ಸೋಕೆ ಎರಡು ನಿಮಿಷದ ಶೋರೀಲ್, ಅಂದ್ರೆ ನೀವು ಮಾಡಿದ ಸೀನ್‌ಗಳ ತುಣುಕು ಸೇರಿಸಿದ ವಿಡಿಯೋ ಕೂಡ ಇರುತ್ತೆ. ಅದಿಲ್ದೇ ಹೋದ್ರೆ ದೊಡ್ಡ ಏಜೆನ್ಸಿ ಸೇರಿಸ್ಕೊಂಡ್ರೂ ನಿಮ್ಮ ಫೋಟೋ ಅವ್ರ ಫೋಲ್ಡರ್‌ನಲ್ಲೇ ಕೂತಿರುತ್ತೆ, ನಿಮ್ಮ ಕೈ ಮಾತ್ರ ಕಟ್ಟಿ ಹಾಕಿರುತ್ತೆ.

ಕೈ ಕಟ್ಟೋದು ಅಂದ್ರೆ ಎಕ್ಸ್‌ಕ್ಲೂಸಿವ್ ಷರತ್ತು, ನಿಮ್ಮ ಕೆಲ್ಸ ಎಲ್ಲಾ ಅವ್ರ ಮೂಲಕವೇ ಆಗ್ಬೇಕು ಅನ್ನೋದು. ನಮ್ಮೋರು ದಯವಿಟ್ಟು ಇದನ್ನ ನಿಧಾನಕ್ಕೆ ಓದ್ಬೇಕು. "ಎಲ್ಲಾ ಭಾಷೆ, ಎಲ್ಲಾ ಮಾಧ್ಯಮ" ಅಂತ ಇದ್ರೆ ನಾಳೆ ಬೆಂಗಳೂರಿನ ಹಳೇ ಡೈರೆಕ್ಟರ್ ನಿಮ್ಮನ್ನ ನೇರವಾಗಿ ಕರ್ದು ಕನ್ನಡ ಸಿನಿಮಾ ಕೊಟ್ರೂ ಮುಂಬೈ ಮ್ಯಾನೇಜರ್‌ಗೆ ಕಮಿಷನ್ ಕೊಡ್ಬೇಕಾಗುತ್ತೆ, ಅವ್ರು ಅದಕ್ಕೆ ಒಂದು ಫೋನೂ ಮಾಡಿರಲ್ಲ. ಕನ್ನಡದ ಕೆಲ್ಸ, ನಾಟಕ, ಡಬ್ಬಿಂಗ್ ಇದ್ರಿಂದ ಹೊರಗೆ ಅಂತ ಬರ್ಸ್ಕೊಳ್ಳಿ. ಕೇಳಿದ್ರೆ ತಪ್ಪು ತಿಳ್ಕೊಳ್ತಾರೇನೋ ಅಂತ ಸುಮ್ಮನಿರ್ಬೇಡಿ, ಊರಲ್ಲಿ ಕಟ್ಕೊಂಡ ಹೆಸರು ನಿಮ್ಮ ಸ್ವಂತ ದುಡಿಮೆ. ಅವಧಿ ಒಂದು ವರ್ಷ ಸಾಕು, ಮೂರು ವರ್ಷಕ್ಕೆ ಸೈನ್ ಹಾಕ್ಬೇಡಿ, ಬಿಡ್ಬೇಕಾದ್ರೆ ಎಷ್ಟು ದಿನದ ನೋಟಿಸ್ ಅನ್ನೋದೂ ಅದ್ರಲ್ಲೇ ಇರ್ಲಿ.

ಇನ್ನು ದುಡ್ಡು. 60,000 ರೂಪಾಯಿ ಆ್ಯಡ್ ಅಂತ ಇಟ್ಕೊಳ್ಳಿ, ಟಿಡಿಎಸ್, ಅಂದ್ರೆ ದುಡ್ಡು ಕೊಡೋರೇ ಮೊದ್ಲೇ ಹಿಡ್ಕೊಳ್ಳೋ ತೆರಿಗೆ, 10 ಪರ್ಸೆಂಟ್ ಅಂದ್ರೆ 6,000, ಕಮಿಷನ್ 20 ಪರ್ಸೆಂಟ್ ಆದ್ರೆ 12,000, ಉಳಿಯೋದು 42,000. ಅದೂ ಎಷ್ಟೋ ಸಲ 90 ದಿನ ಆದ್ಮೇಲೆ ಬರುತ್ತೆ, ಬಾಡಿಗೆ ಲೆಕ್ಕ ಹಾಕುವಾಗ ನೆನಪಿರ್ಲಿ. ಟಿಡಿಎಸ್ ನಿಮ್ಮ ಪ್ಯಾನ್ ಮೇಲೆ ಜಮೆ ಆಗಿರುತ್ತೆ, ಆದಾಯ ಕಮ್ಮಿ ಇದ್ರೆ ರಿಟರ್ನ್ ಫೈಲ್ ಮಾಡಿ ವಾಪಸ್ ತಗೋಬಹುದು. ದುಡ್ಡು ಏಜೆನ್ಸಿ ಅಕೌಂಟ್‌ಗೇ ಮೊದ್ಲು ಹೋಗೋದಾದ್ರೆ, ಅವ್ರಿಗೆ ಬಂದ ಎಷ್ಟು ದಿನದೊಳಗೆ ನಿಮಗೆ ಹಾಕ್ತಾರೆ ಅಂತ ಅಗ್ರಿಮೆಂಟ್‌ನಲ್ಲೇ ಬರ್ಸಿ.