ಆಫ್ರಿಕಾದ ಕಲಾವಿದರ ದುಡಿಮೆ: ಅಕ್ರಾದಲ್ಲಿ ಸಮ್ಮೇಳನ ಮಾಡುವುದು ಹೇಗೆ?

ಆಫ್ರಿಕಾದ ಕಲೆಯ ಬಗ್ಗೆ ಸಮ್ಮೇಳನಗಳು ಬೇಕಾದಷ್ಟು ನಡೆಯುತ್ತವೆ. ಆ ಕಲಾವಿದರು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ, ಕೆಲಸದ ಜಾಗಕ್ಕೆ ಬಾಡಿಗೆ ಹೇಗೆ ಹೊಂದಿಸುತ್ತಾರೆ, ಕಲಿಯಲು ಬಂದ ಹುಡುಗರಿಗೆ ಏನು ಕೊಡುತ್ತಾರೆ ಅಂತ ಕೇಳುವವರು ಕಡಿಮೆ. ಇದನ್ನೇ ಕೇಳುವ ಅಂತರರಾಷ್ಟ್ರೀಯ ಸಮ್ಮೇಳನ ಮಾಡುವ ಮನಸ್ಸಿದ್ದರೆ ಒಂದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ವೇದಿಕೆ ಮೇಲೆ ಕಲಾವಿದರೇ ಕೂರಬೇಕು, ಅವರಿಗೆ ಸಂಭಾವನೆ ಕೊಡಲೇಬೇಕು. ಮಿಕ್ಕ ಏರ್ಪಾಡನ್ನೆಲ್ಲ ಇದಕ್ಕೆ ತಕ್ಕಂತೆ ಮಾಡಿಕೊಳ್ಳಿ.

ಜಾಗ, ತಿಂಗಳು

ಯುರೋಪಿನಲ್ಲಿ ಇಟ್ಟುಕೊಂಡರೆ ಎಷ್ಟೋ ಕಲಾವಿದರಿಗೆ ವೀಸಾನೇ ಸಿಗುವುದಿಲ್ಲ. ಘಾನಾದ ರಾಜಧಾನಿ ಅಕ್ರಾ ಒಳ್ಳೆಯ ಆಯ್ಕೆ. ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟ ಇಕೋವಾಸ್ 1979ರಲ್ಲಿ ಮಾಡಿಕೊಂಡ ಒಪ್ಪಂದದಂತೆ, ಸದಸ್ಯ ದೇಶಗಳವರು 90 ದಿನ ವೀಸಾ ಇಲ್ಲದೆ ಬಂದು ಹೋಗಬಹುದು. ಟೋಗೊ, ನೈಜೀರಿಯಾದವರು ಬಸ್ಸಿನಲ್ಲೇ ಬರಬಹುದು. ಬೇರೆಯವರಿಗೆ ವೀಸಾಕ್ಕೆ ಬೇಕಾದ ಆಹ್ವಾನ ಪತ್ರಗಳನ್ನು ನಾಲ್ಕೈದು ತಿಂಗಳು ಮೊದಲೇ ಕಳಿಸಿ. ಬೆಂಗಳೂರಿನಿಂದ ಹೊರಡುವವರು ಯೆಲ್ಲೋ ಫೀವರ್ ಲಸಿಕೆಯನ್ನು ಸರ್ಕಾರ ಒಪ್ಪಿದ ಕೇಂದ್ರದಲ್ಲೇ, ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡು ಕಾರ್ಡ್ ಇಟ್ಟುಕೊಂಡಿರಬೇಕು.

ತಿಂಗಳು ಯಾವುದು? ನನ್ನ ಮತ ಆಗಸ್ಟ್‌ಗೆ. ಜೂನ್‌ನ ಜೋರು ಮಳೆ ಮುಗಿದಿರುತ್ತದೆ, ಸೆಕೆ ಕಡಿಮೆ. 2011ರಲ್ಲಿ ಅಕ್ರಾದ ಜೇಮ್ಸ್ ಟೌನ್‌ನಲ್ಲಿ ಶುರುವಾದ ಚಾಲೆ ವೋಟೆ ಬೀದಿ ಕಲಾ ಉತ್ಸವವೂ ಸಾಮಾನ್ಯವಾಗಿ ಅದೇ ತಿಂಗಳು ನಡೆಯುವುದರಿಂದ ಬೇರೆ ದೇಶಗಳ ಕಲಾವಿದರೂ ಊರಲ್ಲಿರುತ್ತಾರೆ. ಮೇ-ಜೂನ್ ಮಾತ್ರ ಬೇಡವೇ ಬೇಡ. ಅಕ್ರಾದ ಮೂಲ ನಿವಾಸಿಗಳಾದ ಗಾ ಜನ ಹೊಮೊವೊ ಹಬ್ಬಕ್ಕೆ ಮುಂಚೆ ಸುಮಾರು ಒಂದು ತಿಂಗಳು ಡೋಲು ಬಡಿಯುವುದು, ಗದ್ದಲ ಮಾಡುವುದನ್ನು ನಿಷೇಧಿಸುತ್ತಾರೆ. ಆಗ ಸಂಜೆಗೆ ಸಂಗೀತ ಇಟ್ಟುಕೊಂಡರೆ ಊರವರ ಮನಸ್ಸು ನೋಯಿಸಿದಂತೆ.

ಕರೆ ಕಳಿಸುವಾಗ

ಮಾತಾಡಲು ಬಯಸುವವರು ತಮ್ಮ ವಿಷಯ ಕಳಿಸಲಿ ಅನ್ನುವ ಕರೆಯನ್ನು ಒಂದು ವರ್ಷ ಮೊದಲೇ ಹೊರಡಿಸಿ. 300 ಪದದ ಸಾರಾಂಶವನ್ನಷ್ಟೇ ಕೇಳಿದರೆ ಪಿಎಚ್‌ಡಿ ಮಾಡಿದವರು ಮಾತ್ರ ಬರುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಐದು ನಿಮಿಷದ ಧ್ವನಿ ಸಂದೇಶ ಕಳಿಸಿದರೂ ಆಯ್ತು ಅನ್ನಿ. ಘಾನಾದ ಭಾಷೆಗಳಾದ ಟ್ವಿ, ಗಾ ಇರಲಿ, ಫ್ರೆಂಚ್ ಇರಲಿ, ಯಾವುದಾದರೂ ಸರಿ. ಅದನ್ನು ಬರೆದುಕೊಳ್ಳುವ ಕೆಲಸ ಸಂಘಟಕರದ್ದು.

ಪ್ರಶ್ನೆಗಳು ನೇರವಾಗಿರಲಿ. ಶಿಲ್ಪಿ ಎಲ್ ಅನಾತ್ಸುಯಿ ಘಾನಾದಲ್ಲಿ ಹುಟ್ಟಿ ನೈಜೀರಿಯಾದ ನ್ಸುಕ್ಕಾದಲ್ಲಿ ಪಾಠ ಮಾಡಿದವರು. ಬಾಟಲಿ ಮುಚ್ಚಳಗಳನ್ನು ತಾಮ್ರದ ತಂತಿಯಿಂದ ಹೆಣೆದ ಅವರ ದೊಡ್ಡ ದೊಡ್ಡ ಪರದೆಗಳ ಹಿಂದೆ ಅನೇಕ ಸಹಾಯಕರ ಕೈಗಳಿವೆ. ಘಾನಾದ ಕಲಾವಿದ ಇಬ್ರಾಹಿಂ ಮಹಾಮಾ ಕೋಕೋ ತುಂಬಿದ್ದ ಹಳೇ ಗೋಣಿಚೀಲಗಳನ್ನು ಜನರಿಂದ ಹೊಲಿಸಿ ಕಟ್ಟಡಗಳಿಗೇ ಹೊದಿಸಿದವರು. ಹೊಲಿದವರ ಕೂಲಿ ಹೇಗೆ ನಿಗದಿಯಾಗುತ್ತದೆ? ಹೆಸರು ಎಲ್ಲಿ ಬರುತ್ತದೆ? ಒಂದು ಇಡೀ ಗೋಷ್ಠಿ ಇದಕ್ಕೇ ಮೀಸಲಿಡಬಹುದು. ಇನ್ನೊಂದಕ್ಕೆ, ಕಲಾವಿದರ ಸ್ಥಾನಮಾನದ ಬಗ್ಗೆ 1980ರಲ್ಲಿ ಯುನೆಸ್ಕೊ ಕೊಟ್ಟ ಶಿಫಾರಸನ್ನು ಎದುರಿಗೆ ಇಟ್ಟುಕೊಳ್ಳಿ. ಅದರಲ್ಲಿ ಹೇಳಿದ ಸಾಮಾಜಿಕ ಭದ್ರತೆ ಯಾರಿಗೆ ಸಿಕ್ಕಿದೆ ಅಂತ ಅವರವರ ದೇಶದವರೇ ಹೇಳಲಿ.

ದುಡ್ಡು

ಸಮ್ಮೇಳನಗಳು ಎಡವುವುದು ಇಲ್ಲಿಯೇ. ಮೇಷ್ಟ್ರುಗಳಿಗೆ ತಿಂಗಳ ಸಂಬಳ ಇರುತ್ತದೆ, ಬಂದುಹೋದ ದಿನಗಳಿಗೂ ಅದು ಬರುತ್ತದೆ. ಬೋರ್ಡ್ ಬರೆಯುವ ಪೇಂಟರ್‌ಗೆ ಆ ದಿನದ ದುಡಿಮೆಯೇ ಹೋಗುತ್ತದೆ. ಅವರಿಗೆ ಸಂಭಾವನೆಯ ಜೊತೆ ದಿನಗೂಲಿಯನ್ನೂ ಸೇರಿಸಿ ಕೊಡಬೇಕು. ‘ಈಗ ನೀವೇ ಖರ್ಚು ಮಾಡಿ, ಆಮೇಲೆ ಬಿಲ್ ಕೊಡಿ’ ಅನ್ನುವ ಪದ್ಧತಿ ಬಿಟ್ಟುಬಿಡಿ. ಟಿಕೆಟ್, ರೂಮು ನೀವೇ ಬುಕ್ ಮಾಡಿ. ಘಾನಾದವರಿಗೆ ಅಲ್ಲಿನ ಹಣವಾದ ಸೆಡಿಯಲ್ಲಿ, ಫೋನಿನಲ್ಲೇ ಹಣ ಕಳಿಸುವ ಮೊಬೈಲ್ ಮನಿ ಮೂಲಕ ಅದೇ ದಿನ ಕೊಡಿ. ಅಲ್ಲಿ ಅದು ಸಂತೆ-ಬೀದಿಯಲ್ಲೂ ನಡೆಯುತ್ತದೆ. ಕಲಾವಿದರಿಂದ ನೋಂದಣಿ ಶುಲ್ಕವಂತೂ ಕೇಳಲೇಬೇಡಿ.

ದುಭಾಷಿಗಳ ಖರ್ಚಿನಲ್ಲೂ ಉಳಿತಾಯ ಬೇಡ. ಮಾತಾಡುತ್ತಿದ್ದ ಹಾಗೇ ಅನುವಾದ ಆಗಬೇಕಾದರೆ ಪ್ರತಿ ಭಾಷೆಗೂ ಇಬ್ಬರು ಬೇಕು. ಅರ್ಧ ಗಂಟೆಗೊಮ್ಮೆ ಬದಲಾಗದಿದ್ದರೆ ತಲೆ ಓಡುವುದಿಲ್ಲ.

ಒಂದು ದಿನ ಹೊರಗೆ

ಅಕ್ರಾದ ಲೆಗೊನ್‌ನಲ್ಲಿರುವ ಘಾನಾ ವಿಶ್ವವಿದ್ಯಾಲಯದಲ್ಲಿ ಗೋಷ್ಠಿಗಳು ನಡೆಯಲಿ. ಒಂದು ದಿನವನ್ನು ಮಾತ್ರ ಅಕ್ರಾ ಪಕ್ಕದ ಟೆಶಿಗೆ ಇಡಿ. ಶವಪೆಟ್ಟಿಗೆಯನ್ನು ಮೀನು, ಕೋಕೋ ಕಾಯಿ, ವಿಮಾನದ ಆಕಾರದಲ್ಲಿ ಮಾಡುವ ಬಡಗಿಗಳ ಊರು ಅದು. ಸೇತ್ ಕೇನ್ ಕ್ವೇ 1950ರ ದಶಕದಲ್ಲಿ ಈ ಕಸುಬಿಗೆ ಹೆಸರು ತಂದರು. ಈಗ ಇಂಥ ಪೆಟ್ಟಿಗೆಗಳು ವಿದೇಶದ ಮ್ಯೂಸಿಯಂಗಳಲ್ಲೂ ಇವೆ. ಟೆಶಿಯ ಶೆಡ್ಡಿನಲ್ಲಿ ಮಾತ್ರ ಅದು ಗಿರಾಕಿಗೆ ಹೇಳಿದ ದಿನಕ್ಕೆ ಸರಿಯಾಗಿ ಮುಟ್ಟಿಸಬೇಕಾದ ಕೆಲಸ. ಮೀನುಗಾರ ತೀರಿಕೊಂಡರೆ ಮೀನು, ಕೋಕೋ ಬೆಳೆದವನಿಗೆ ಕಾಯಿ. ಉಸ್ತಾದ್ ರೂಪ ಕೊಟ್ಟ ಮರಕ್ಕೆ ಹುಡುಗರು ಸ್ಯಾಂಡ್ ಪೇಪರ್ ಉಜ್ಜುತ್ತಾರೆ, ಬಣ್ಣ ಹೊಡೆಯುತ್ತಾರೆ.

ಘಾನಾದಲ್ಲಿ ಅಂತ್ಯಸಂಸ್ಕಾರಗಳು ಹೆಚ್ಚಾಗಿ ಶನಿವಾರ. ಹಾಗಾಗಿ ಗುರುವಾರ, ಶುಕ್ರವಾರ ಹೋಗಿ ಅವರ ಕೈ ಕಟ್ಟಬೇಡಿ, ಸೋಮವಾರವೋ ಮಂಗಳವಾರವೋ ಹೋಗಿ. ಐವತ್ತು ಜನ ಒಟ್ಟಿಗೆ ನುಗ್ಗುವುದೂ ಬೇಡ, ಹತ್ತು ಹನ್ನೆರಡು ಜನರ ಗುಂಪು ಸಾಕು. ಹೋದ ಹೊತ್ತಿಗೆ ಶೆಡ್ಡಿನವರಿಗೆ ಹಣ ಕೊಡಿ. ಫೋಟೊ ತೆಗೆಯುವ ಮೊದಲು ಕೇಳಿ. ಚೌಕಾಸಿ ಹೇಗೆ, ಕಲಿಕೆ ಎಷ್ಟು ವರ್ಷ, ಕಲಿಯಲು ದುಡ್ಡು ಕಟ್ಟಬೇಕಾ ಅನ್ನುವುದನ್ನೆಲ್ಲ ಅಲ್ಲೇ ಬೆಂಚಿನ ಮೇಲೆ ಕೂತು ಕೇಳಿದರೆ ಸಿಗುವ ಉತ್ತರ ಸಭಾಂಗಣದಲ್ಲಿ ಸಿಗುವುದಿಲ್ಲ.

ಮುಗಿದ ಮೇಲೆ

ಪ್ರಬಂಧಗಳ ಪುಸ್ತಕ ಬರುತ್ತದೆ, ಬೆಲೆ ಕಲಾವಿದರ ಕೈಗೆಟುಕುವುದಿಲ್ಲ. ಆದ್ದರಿಂದ ಪ್ರಕಾಶಕರ ಜೊತೆ ಮಾತಾಡುವಾಗಲೇ ಎರಡು ವಿಷಯ ಬರೆಸಿಕೊಳ್ಳಿ. ಮಾತಾಡಿದ ಪ್ರತಿಯೊಬ್ಬರಿಗೂ ಒಂದು ಉಚಿತ ಪ್ರತಿ ಕೊಡಬೇಕು. ಕೃತಿಯ ಚಿತ್ರ ಅಚ್ಚು ಹಾಕಿದರೆ ಆ ಕಲಾವಿದರ ಒಪ್ಪಿಗೆ ಪಡೆದು ಶುಲ್ಕ ಕೊಡಬೇಕು. ಪುಸ್ತಕಗಳನ್ನು ಅವರವರ ಊರಿಗೆ ತಲುಪಿಸುವ ಅಂಚೆ ಖರ್ಚನ್ನೂ ಮೊದಲ ಬಜೆಟ್ಟಿನಲ್ಲೇ ಸೇರಿಸಿಬಿಡಿ.